ಸಾವಿರ ಕೋಟಿಯ ಕ್ವಾಂಟಂ ಮಿಷನ್ನಿನಲ್ಲಿ ಕನ್ನಡ ಓದುಗರ ಪಾಲು: ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ, ಕನ್ನಡ ಪುಸ್ತಕ ಪ್ರಾಧಿಕಾರದ ಅಧ್ಯಕ್ಷರಿಗೆ ಹಾಗೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ

ಮಾನ್ಯರೇ,

2025ರ ಜುಲೈ 31ರಂದು ಬೆಂಗಳೂರಿನಲ್ಲಿ ಆರಂಭವಾದ ಕ್ವಾಂಟಂ ಸಮಾವೇಶದಲ್ಲಿ ರಾಜ್ಯ ಸರ್ಕಾರವು 1,000 ಕೋಟಿ ರೂಪಾಯಿಗಳ ಕರ್ನಾಟಕ ಕ್ವಾಂಟಂ ಮಿಷನ್ ಅನ್ನು ಘೋಷಿಸಿತು. 2035ರ ಹೊತ್ತಿಗೆ ರಾಜ್ಯದಲ್ಲಿ 20 ಶತಕೋಟಿ ಡಾಲರಿನ ಕ್ವಾಂಟಂ ಆರ್ಥಿಕತೆ ನಿಲ್ಲಬೇಕೆಂಬುದು ಅದರ ಗುರಿ. ಅದಕ್ಕೆ ಎರಡು ವರ್ಷ ಮೊದಲೇ, 2023ರ ಏಪ್ರಿಲ್‌ನಲ್ಲಿ, ಕೇಂದ್ರ ಸಚಿವ ಸಂಪುಟವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತ್ತು ಮತ್ತು ಅದರಡಿ ರೂಪುಗೊಂಡ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್‌ನ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಈ ಹಣ ಪ್ರಯೋಗಾಲಯಗಳಿಗೆ, ಯಂತ್ರಗಳಿಗೆ, ನವೋದ್ಯಮಗಳಿಗೆ ಹೋಗಬೇಕಾದದ್ದೇ. ಅದರಲ್ಲಿ ನನಗೆ ತಕರಾರಿಲ್ಲ. ನಾನು ಕೇಳುತ್ತಿರುವುದು ಅದರಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಲನ್ನು: ಕನ್ನಡದ ಸಾಮಾನ್ಯ ಓದುಗರಿಗಾಗಿ ಕ್ವಾಂಟಂ ಭೌತವಿಜ್ಞಾನ (ಪರಮಾಣು, ಎಲೆಕ್ಟ್ರಾನುಗಳಂಥ ಅತಿಸೂಕ್ಷ್ಮ ಕಣಗಳ ವಿಜ್ಞಾನ) ಮತ್ತು ಕ್ವಾಂಟಂ ಕಂಪ್ಯೂಟಿಂಗ್ ಕುರಿತು ನಾಲ್ಕಾರು ಸರಿಯಾದ ಪುಸ್ತಕಗಳು ಬರುವಂಥ ವ್ಯವಸ್ಥೆಗೆ ಬೇಕಾಗುವಷ್ಟು ಮಾತ್ರ.

'ಸರಿಯಾದ' ಎಂಬ ವಿಶೇಷಣವನ್ನು ಬೇಕೆಂದೇ ಹಾಕಿದ್ದೇನೆ. ಪುಸ್ತಕಗಳು ಬರುತ್ತವೆ, ಅದರ ಚಿಂತೆಯಿಲ್ಲ. ಮಿಷನ್ ಎಂಬ ಹೆಸರಿನ ಹಿಂದೆ ಹಣ ಹರಿಯುವಾಗ ಅದೇ ಹೆಸರಿನ ಪುಸ್ತಕಗಳೂ ಸಾಲುಗಟ್ಟಿ ಬರುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಆದರೆ ಈ ವಿಷಯದಲ್ಲಿ ತಪ್ಪು ಪುಸ್ತಕ ಬರೆಯುವುದು ಎಷ್ಟು ಸುಲಭವೆಂದರೆ, ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಮಾರಾಟವಾದ ಪುಸ್ತಕಗಳೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಎಡವಿವೆ. ಅವನ್ನು ನೋಡಿ ಬರೆದ ಕನ್ನಡದ ಬರಹಗಳೂ ಅಲ್ಲೇ ಎಡವುತ್ತಿವೆ. ಎಲ್ಲಿ ಎಡವುತ್ತಿವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಪುಸ್ತಕ ಆಯ್ಕೆ ಮಾಡುವ ಸಮಿತಿಯ ಮುಂದೆ ಆ ಒಂದು ಅಳತೆಗೋಲು ಇದ್ದರೂ ಮುಕ್ಕಾಲು ಕೆಲಸ ಮುಗಿದಂತೆ.

ಬಹುತೇಕ ಜನಪ್ರಿಯ ಪುಸ್ತಕಗಳಲ್ಲಿ ಬರುವ ವಾಕ್ಯ ಹೀಗಿದೆ: ಸಾಮಾನ್ಯ ಕಂಪ್ಯೂಟರಿನ ಬಿಟ್ ಸೊನ್ನೆಯಾಗಿರುತ್ತದೆ ಅಥವಾ ಒಂದಾಗಿರುತ್ತದೆ; ಕ್ವಾಂಟಂ ಕಂಪ್ಯೂಟರಿನ ಕ್ಯೂಬಿಟ್ ಏಕಕಾಲಕ್ಕೆ ಸೊನ್ನೆಯೂ ಹೌದು, ಒಂದೂ ಹೌದು; ಆದ್ದರಿಂದ ಕ್ವಾಂಟಂ ಕಂಪ್ಯೂಟರು ಎಲ್ಲ ಉತ್ತರಗಳನ್ನೂ ಒಟ್ಟಿಗೆ ಪರೀಕ್ಷಿಸಿ ಸರಿಯಾದದ್ದನ್ನು ಕ್ಷಣಾರ್ಧದಲ್ಲಿ ಹೇಳಿಬಿಡುತ್ತದೆ. ಇದರ ಜೊತೆಗೆ ಗಿರಗಿರ ತಿರುಗುತ್ತಿರುವ ನಾಣ್ಯದ ಚಿತ್ರವೊಂದು ಇದ್ದೇ ಇರುತ್ತದೆ. ಓದುಗರಿಗೆ ಅರ್ಥವಾದಂತೆ ಭಾಸವಾಗುತ್ತದೆ, ಲೇಖಕರಿಗೆ ಅಧ್ಯಾಯ ಮುಗಿಯುತ್ತದೆ. ತೊಂದರೆಯೆಂದರೆ 'ಆದ್ದರಿಂದ' ಎಂಬ ಪದದ ನಂತರದ್ದೆಲ್ಲ ಸುಳ್ಳು. 300 ಕ್ಯೂಬಿಟ್‌ಗಳ ಸ್ಥಿತಿಯನ್ನು ವಿವರಿಸಲು ಬೇಕಾಗುವ ಸಂಖ್ಯೆಗಳ ಎಣಿಕೆಯು ನಾವು ಕಾಣಬಲ್ಲ ವಿಶ್ವದಲ್ಲಿರುವ ಪರಮಾಣುಗಳ ಎಣಿಕೆಗಿಂತ ಹೆಚ್ಚು ಎಂಬುದು ನಿಜ. ಆದರೆ ಅಳತೆ ಮಾಡಿದ ಗಳಿಗೆಯಲ್ಲಿ ಆ 300 ಕ್ಯೂಬಿಟ್‌ಗಳಿಂದ ನಮ್ಮ ಕೈಗೆ ಬರುವುದು 300 ಸೊನ್ನೆ-ಒಂದುಗಳ ಒಂದೇ ಒಂದು ಸಾಲು. ಕ್ಯೂಬಿಟ್‌ಗಳಲ್ಲಿ ಎಷ್ಟೇ ಮಾಹಿತಿಯನ್ನು ತುಂಬಿದಂತೆ ಕಂಡರೂ, ಒಂದು ಕ್ಯೂಬಿಟ್‌ನಿಂದ ಒಂದು ಬಿಟ್‌ಗಿಂತ ಹೆಚ್ಚನ್ನು ಹೊರತೆಗೆಯಲಾಗದೆಂದು ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಹೊಲೆವೊ 1973ರಲ್ಲೇ ಸಾಧಿಸಿದ್ದರು. ಎಲ್ಲ ಉತ್ತರಗಳನ್ನೂ ಒಟ್ಟಿಗೆ ಇಟ್ಟುಕೊಂಡು ಸುಮ್ಮನೆ ಅಳತೆ ಮಾಡಿದರೆ ಸಿಗುವುದು ಅವುಗಳಲ್ಲಿ ಯಾವುದೋ ಒಂದು. ಅಷ್ಟಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ, ಚೀಟಿ ಎತ್ತಿದರೂ ಆಗುತ್ತದೆ.

ಹಾಗಾದರೆ ಯಂತ್ರ ಮಾಡುವುದೇನು? ಇಲ್ಲಿಯೇ ಪುಸ್ತಕಗಳು ಮೌನವಾಗುತ್ತವೆ. ಭೌತವಿಜ್ಞಾನಿಗಳು ಆಂಪ್ಲಿಟ್ಯೂಡ್ ಎಂದೂ ನಮ್ಮ ಪಠ್ಯಪುಸ್ತಕಗಳು ಪಾರ ಎಂದೂ ಕರೆಯುವ ಸಂಖ್ಯೆಯೊಂದು ಪ್ರತಿ ಸಾಧ್ಯತೆಗೂ ಅಂಟಿಕೊಂಡಿರುತ್ತದೆ. ಸಂಭಾವ್ಯತೆ ಎಂದೂ ಸೊನ್ನೆಗಿಂತ ಕಡಿಮೆಯಾಗದು. ಪಾರವಾದರೋ ಋಣ ಸಂಖ್ಯೆಯೂ ಆಗಬಹುದು, ಆದ್ದರಿಂದ ಎರಡು ಪಾರಗಳು ಕೂಡಿದಾಗ ಒಂದನ್ನೊಂದು ಅಳಿಸಿಹಾಕಬಹುದು. ಪಾರವನ್ನು ಅದರಿಂದಲೇ ಗುಣಿಸಿದರೆ ಆ ಸಾಧ್ಯತೆ ಕಾಣಿಸಿಕೊಳ್ಳುವ ಸಂಭಾವ್ಯತೆ ಸಿಗುತ್ತದೆ. 1926ರಲ್ಲಿ ಮ್ಯಾಕ್ಸ್ ಬಾರ್ನ್ ತಮ್ಮ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ ಸೇರಿಸಿದ ಈ ವರ್ಗದ ನಿಯಮಕ್ಕೇ ಮುಂದೆ ನೊಬೆಲ್ ಬಂದಿತು. ಕ್ವಾಂಟಂ ಕ್ರಮವಿಧಿ ಎಂದರೆ ತಪ್ಪು ಉತ್ತರಗಳ ಪಾರಗಳು ಪರಸ್ಪರ ಅಳಿಸಿಹೋಗುವಂತೆ, ಸರಿ ಉತ್ತರದ ಪಾರ ಬೆಳೆಯುವಂತೆ ಹೂಡುವ ಉಪಾಯ. ಎಲ್ಲ ಸಮಸ್ಯೆಗಳಿಗೂ ಅಂಥ ಉಪಾಯ ಸಿಗುವುದಿಲ್ಲ. ಸಿಕ್ಕಿರುವುದು ಕೆಲವೇ ಬಗೆಯ ಸಮಸ್ಯೆಗಳಿಗೆ.

ಇದನ್ನು ಸಾಮಾನ್ಯ ಓದುಗರಿಗೆ ಹೇಳಲಾಗದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣವನ್ನು ಈ ಪತ್ರದಲ್ಲೇ ತೋರಿಸುತ್ತೇನೆ. ಮಾನ್ಯರು ಎರಡು ನಿಮಿಷ ಸಹಿಸಿಕೊಳ್ಳಬೇಕು. ಎರಡು ಕ್ಯೂಬಿಟ್‌ಗಳಿಗೆ ನಾಲ್ಕು ಸಾಧ್ಯತೆಗಳು: 00, 01, 10, 11. ಇವುಗಳಲ್ಲಿ ಒಂದು ಮಾತ್ರ ಸರಿ ಉತ್ತರ. ಅದು 10 ಎಂದಿಟ್ಟುಕೊಳ್ಳೋಣ, ಆದರೆ ನಮಗದು ತಿಳಿಯದು. ನಮ್ಮ ಬಳಿಯಿರುವುದು ಯಾವುದೇ ಉತ್ತರವನ್ನು ಕೊಟ್ಟರೆ ಸರಿಯೋ ತಪ್ಪೋ ಎಂದು ಗುರುತಿಸುವ ಒಂದು ಪರೀಕ್ಷಕ ಮಂಡಲ (ಸರ್ಕ್ಯೂಟ್) ಮಾತ್ರ. ಸಾಮಾನ್ಯ ಕಂಪ್ಯೂಟರು ಒಂದೊಂದಾಗಿ ಕೇಳುತ್ತ ಹೋದರೆ ಕೆಟ್ಟ ಅದೃಷ್ಟದ ದಿನ ಮೂರು ಬಾರಿ ಕೇಳಬೇಕಾಗುತ್ತದೆ. ಕ್ವಾಂಟಂ ಯಂತ್ರದಲ್ಲಿ ಮೊದಲಿಗೆ ನಾಲ್ಕೂ ಸಾಧ್ಯತೆಗಳಿಗೆ ಅರ್ಧ, ಅರ್ಧ, ಅರ್ಧ, ಅರ್ಧ ಎಂಬ ಸಮನಾದ ಪಾರಗಳನ್ನು ಕೊಡುತ್ತೇವೆ. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು, ಆದ್ದರಿಂದ ಈಗ ಅಳೆದರೆ ಯಾವುದು ಬೇಕಾದರೂ ಸಮಸಾಧ್ಯತೆಯಿಂದ ಬರಬಹುದು. ಪರೀಕ್ಷಕ ಮಂಡಲವನ್ನು ಒಮ್ಮೆ ದಾಟಿಸಿದಾಗ ಸರಿ ಉತ್ತರದ ಪಾರದ ಚಿಹ್ನೆಯಷ್ಟೇ ಬದಲಾಗುತ್ತದೆ: ಅರ್ಧ, ಅರ್ಧ, ಋಣ ಅರ್ಧ, ಅರ್ಧ. ಈಗಲೂ ಅಳೆದರೆ ಲಾಭವಿಲ್ಲ, ಋಣ ಅರ್ಧದ ವರ್ಗವೂ ಕಾಲೇ. ಮುಂದಿನ ಹೆಜ್ಜೆಯಲ್ಲಿ ನಾಲ್ಕೂ ಸಂಖ್ಯೆಗಳ ಸರಾಸರಿಯಿಂದ ಪ್ರತಿ ಸಂಖ್ಯೆ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರಕ್ಕೆ ಸರಾಸರಿಯ ಆಚೆಬದಿಗೆ ಅದನ್ನು ದಾಟಿಸುತ್ತೇವೆ. ನಾಲ್ಕರ ಮೊತ್ತ ಒಂದು, ಸರಾಸರಿ ಕಾಲು. ಅರ್ಧವು ಕಾಲಿಗಿಂತ ಕಾಲು ಮೇಲಿತ್ತು, ಈಗ ಕಾಲು ಕೆಳಗಿಳಿದು ಸೊನ್ನೆಯಾಗುತ್ತದೆ. ಮೂರೂ ತಪ್ಪು ಉತ್ತರಗಳು ಹೀಗೆ ಅಳಿಸಿಹೋದವು. ಋಣ ಅರ್ಧವು ಕಾಲಿಗಿಂತ ಮುಕ್ಕಾಲು ಕೆಳಗಿತ್ತು, ಈಗ ಕಾಲಿನ ಮೇಲೆ ಮುಕ್ಕಾಲು ಏರಿ ಒಂದಾಗುತ್ತದೆ. ಈಗ ಅಳೆದರೆ 10 ಎಂಬ ಉತ್ತರ ಖಚಿತ. ಪರೀಕ್ಷಕ ಮಂಡಲವನ್ನು ಕೇಳಿದ್ದು ಒಂದೇ ಬಾರಿ.

ಲವ್ ಗ್ರೋವರ್ ಎಂಬ ಭಾರತೀಯ ಮೂಲದ ವಿಜ್ಞಾನಿ 1996ರಲ್ಲಿ ಪ್ರಕಟಿಸಿದ ಹುಡುಕಾಟದ ಕ್ರಮವಿಧಿಯ ಅತಿ ಚಿಕ್ಕ ರೂಪವಿದು. ಭಿನ್ನರಾಶಿಯ ಕೂಡಿಸು-ಕಳೆ ಬಂದವರಿಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಎಲ್ಲ ಉತ್ತರಗಳನ್ನೂ ಏಕಕಾಲಕ್ಕೆ ಪರೀಕ್ಷಿಸುವ ಮಾಂತ್ರಿಕತೆಯೂ ಇದರಲ್ಲಿಲ್ಲ. ಚಿಹ್ನೆ ಬದಲಾದ ಒಂದು ಸಂಖ್ಯೆಯನ್ನು ಮುಂದಿನ ಲೆಕ್ಕ ದೊಡ್ಡದು ಮಾಡಿತು, ಅಷ್ಟೇ. ಇದರ ಮಿತಿಯೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಹತ್ತು ಲಕ್ಷ ಸಾಧ್ಯತೆಗಳಲ್ಲಿ ಒಂದನ್ನು ಹುಡುಕಲು ಸಾಮಾನ್ಯ ಕಂಪ್ಯೂಟರು ಸರಾಸರಿ ಐದು ಲಕ್ಷ ಬಾರಿ ಕೇಳಿದರೆ ಈ ವಿಧಾನಕ್ಕೆ ಸುಮಾರು 785 ಬಾರಿ ಕೇಳುವುದು ಬೇಕು. ಅದು ದೊಡ್ಡ ಉಳಿತಾಯ, ಆದರೆ ಕ್ಷಣಾರ್ಧವಲ್ಲ. ಇಷ್ಟನ್ನು ಬರೆಯಲು ನನಗೆ ಒಂದು ಪುಟ ಸಾಕಾಯಿತು. 'ಸೊನ್ನೆಯೂ ಹೌದು, ಒಂದೂ ಹೌದು' ಎಂದು ಇನ್ನೂರು ಪುಟ ಬರೆದವರು ಈ ಒಂದು ಪುಟವನ್ನೇಕೆ ಬರೆಯಲಿಲ್ಲ ಎಂಬುದು ಸಮಿತಿ ಕೇಳಬೇಕಾದ ಪ್ರಶ್ನೆ.

ಇದರ ಹಿಂದೆ ಒಂದು ಹಳೆಯ ಹೆದರಿಕೆಯಿದೆ. ಪುಸ್ತಕದಲ್ಲಿ ಸೇರಿಸುವ ಪ್ರತಿಯೊಂದು ಸಮೀಕರಣವೂ ಮಾರಾಟವನ್ನು ಅರ್ಧಕ್ಕಿಳಿಸುತ್ತದೆ ಎಂದು ತಮಗೆ ಯಾರೋ ಹೇಳಿದ್ದಾಗಿ ಸ್ಟೀಫನ್ ಹಾಕಿಂಗ್ 1988ರ ತಮ್ಮ ಜನಪ್ರಿಯ ಪುಸ್ತಕದ ಮುಂಭಾಗದಲ್ಲಿ ಬರೆದರು. ಲಘುವಾಗಿ ಹೇಳಿದ ಆ ಮಾತನ್ನು ಪ್ರಕಾಶನ ಲೋಕ ವೇದವಾಕ್ಯ ಮಾಡಿಕೊಂಡಿತು. ಅದಕ್ಕಿಂತ ಮೂರು ವರ್ಷ ಹಿಂದೆಯೇ, 1985ರಲ್ಲಿ, ರಿಚರ್ಡ್ ಫೈನ್‌ಮನ್ ಲಾಸ್ ಏಂಜಲೀಸ್‌ನಲ್ಲಿ ಸಾಮಾನ್ಯ ಶ್ರೋತೃಗಳಿಗೆ ಕೊಟ್ಟ ನಾಲ್ಕು ಉಪನ್ಯಾಸಗಳು ಪುಸ್ತಕವಾಗಿದ್ದವು. ಬೆಳಕು ಮತ್ತು ಎಲೆಕ್ಟ್ರಾನುಗಳ ಅತ್ಯಂತ ನಿಖರವಾದ ಸಿದ್ಧಾಂತವನ್ನು ಅವರು ಕಾಗದದ ಮೇಲೆ ಪುಟ್ಟ ಬಾಣಗಳನ್ನು ಬರೆದು, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ವಿವರಿಸಿದರು. ಆ ಬಾಣಗಳೇ ಪಾರಗಳು. ಸಮೀಕರಣಗಳನ್ನು ಬಿಟ್ಟರು, ಲೆಕ್ಕವನ್ನು ಬಿಡಲಿಲ್ಲ. ಕ್ವಾಂಟಂ ಕಂಪ್ಯೂಟರಿನ ಕಲ್ಪನೆಗೆ 1981ರ ತಮ್ಮ ಉಪನ್ಯಾಸದಲ್ಲಿ ಚಾಲನೆ ಕೊಟ್ಟವರಲ್ಲೂ ಇದೇ ಫೈನ್‌ಮನ್ ಮುಂಚೂಣಿಯಲ್ಲಿದ್ದವರು ಎಂಬುದನ್ನು ನೆನೆದರೆ, ಯಾರ ಹಾದಿ ಹಿಡಿಯಬೇಕಿತ್ತು, ಯಾರ ತಮಾಷೆಯನ್ನು ಹಿಡಿದೆವು ಎಂದು ಬೇಸರವಾಗುತ್ತದೆ.

ಲೆಕ್ಕ ಬಿಟ್ಟ ಜಾಗವನ್ನು ಪುಸ್ತಕಗಳು ಎರಡು ವಸ್ತುಗಳಿಂದ ತುಂಬುತ್ತವೆ. ಒಂದು, ಉಪಕಥೆಗಳು. 1925ರ ಜೂನ್‌ನಲ್ಲಿ ಪರಾಗದ ಅಲರ್ಜಿಯಿಂದ ಮುಖ ಊದಿಸಿಕೊಂಡ ವರ್ನರ್ ಹೈಸನ್‌ಬರ್ಗ್ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋದದ್ದು ನಮ್ಮಲ್ಲಿ ಆಸಕ್ತ ಓದುಗರೆಲ್ಲರಿಗೂ ಗೊತ್ತು. ಅಲ್ಲಿ ಅವರು ಮಾಡಿದ ಗುಣಾಕಾರದಲ್ಲಿ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುತ್ತಿತ್ತೆಂಬುದು, ಕಣದ ಸ್ಥಾನ, ವೇಗ ಎರಡನ್ನೂ ಒಟ್ಟಿಗೆ ನಿಖರವಾಗಿ ಹೇಳಲಾಗದೆಂಬ ಅನಿಶ್ಚಿತತಾ ತತ್ವದ ಬೇರು ಅಲ್ಲೇ ಇದೆಯೆಂಬುದು ಗೊತ್ತಿರುವವರು ಕಡಿಮೆ. ಆ ಗುಣಾಕಾರದಿಂದ ಹುಟ್ಟಿ ಕ್ವಾಂಟಂ ಸಿದ್ಧಾಂತಕ್ಕೆ ಹೊಸ ನಾಂದಿ ಹಾಡಿದ ಪ್ರಬಂಧದ ಶತಮಾನದ ನೆನಪಿಗೆ ವಿಶ್ವಸಂಸ್ಥೆ 2025ನ್ನು ಅಂತರರಾಷ್ಟ್ರೀಯ ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನ ವರ್ಷವೆಂದು ಸಾರಿತ್ತು. ಆಗ ಕನ್ನಡದಲ್ಲಿ ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಪರಾಗದ ಅಲರ್ಜಿಯನ್ನು ಮರೆಯಲಿಲ್ಲ, ಗುಣಾಕಾರವನ್ನು ಮುಟ್ಟಲಿಲ್ಲ.

ಎರಡನೆಯದು ಹೆಚ್ಚು ಅಪಾಯದ್ದು: ಅಧ್ಯಾತ್ಮದ ಲೇಪ. 'ವೀಕ್ಷಕನಿಂದ ವಾಸ್ತವ ಬದಲಾಗುತ್ತದೆ' ಎಂಬ ಮಾತಿನಿಂದ ಹೊರಟು 'ಪ್ರಜ್ಞೆಯೇ ಜಗತ್ತನ್ನು ಸೃಷ್ಟಿಸುತ್ತದೆ' ಎಂಬಲ್ಲಿಗೆ ಎರಡೇ ವಾಕ್ಯಗಳಲ್ಲಿ ತಲುಪಿ, ಮೂರನೆಯದರಲ್ಲಿ ಉಪನಿಷತ್ತಿನ ಉಲ್ಲೇಖ ಮಾಡುವುದು ನಮ್ಮಲ್ಲಿ ಒಂದು ಪ್ರಕಾರವೇ ಆಗಿಬಿಟ್ಟಿದೆ. ಎರ್ವಿನ್ ಶ್ರೋಡಿಂಗರ್ ವೇದಾಂತವನ್ನು ಮನಸಾರೆ ಓದಿದವರು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅವರ 1926ರ ಸಮೀಕರಣಕ್ಕೆ ವೇದಾಂತ ಬೇಕಾಗಿಲ್ಲ. ಹೈಡ್ರೋಜನ್ ಪರಮಾಣುವಿನ ಶಕ್ತಿಮಟ್ಟಗಳನ್ನು ಅದು ಓದುಗನ ಶ್ರದ್ಧೆ ಯಾವುದಿದ್ದರೂ ಒಂದೇ ಬಗೆಯಲ್ಲಿ ಕೊಡುತ್ತದೆ. 1935ರಲ್ಲಿ ಅವರು ಪೆಟ್ಟಿಗೆಯೊಳಗಿನ ಬೆಕ್ಕಿನ ಉದಾಹರಣೆಯನ್ನು ಕೊಟ್ಟದ್ದು ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ ಎಂದು ಸಾರಲು ಅಲ್ಲ, ಅಂಥ ತೀರ್ಮಾನಕ್ಕೆ ಬರುವ ವ್ಯಾಖ್ಯಾನ ಎಷ್ಟು ಹಾಸ್ಯಾಸ್ಪದ ಎಂದು ತೋರಿಸಲು. ಪ್ರಯೋಗಾಲಯದಲ್ಲಿ 'ವೀಕ್ಷಣೆ' ಎಂದರೆ ಕಣವೊಂದು ಸುತ್ತಲಿನ ಯಾವುದೇ ವಸ್ತುವಿನ ಮೇಲೆ ತನ್ನ ಗುರುತು ಬಿಡುವುದು. ಅದನ್ನು ನೋಡಲು ಮನುಷ್ಯರು ಇರಬೇಕಿಲ್ಲ. ಒಂದು ದಾರಿತಪ್ಪಿದ ಗಾಳಿಯ ಅಣುವೂ ಆ ಕೆಲಸ ಮಾಡುತ್ತದೆ. ಆ ಕಾರಣಕ್ಕೇ ಅತಿವಾಹಕ ಕ್ಯೂಬಿಟ್‌ಗಳನ್ನು ನಿರ್ವಾತದಲ್ಲಿ, ನಿರಪೇಕ್ಷ ಶೂನ್ಯಕ್ಕಿಂತ ಡಿಗ್ರಿಯ ನೂರರಲ್ಲೊಂದು ಭಾಗದಷ್ಟೇ ಮೇಲಿನ ಶೀತದಲ್ಲಿ ಇಡಬೇಕಾಗುತ್ತದೆ. 'ವೀಕ್ಷಕನ ಪ್ರಜ್ಞೆ'ಯ ಬಗ್ಗೆ ಅಧ್ಯಾಯ ಬರೆದವರು ಈ ಶೈತ್ಯಯಂತ್ರದ ಬಗ್ಗೆ ಒಂದು ಪ್ಯಾರಾ ಬರೆದಿದ್ದರೂ ಆ ಅಧ್ಯಾಯ ತಾನಾಗಿ ಬಿದ್ದುಹೋಗುತ್ತಿತ್ತು.

ಇದು ಪಂಡಿತರ ಜಗಳವಷ್ಟೇ ಅಲ್ಲ. 'ಕ್ವಾಂಟಂ' ಹೆಸರಿನಲ್ಲಿ ಪದಕ, ಬಳೆ, ಚಿಕಿತ್ಸೆಗಳ ವ್ಯಾಪಾರ ನಮ್ಮ ಜಿಲ್ಲಾ ಕೇಂದ್ರಗಳವರೆಗೂ ಬಂದಿದೆ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ವಿಕಿರಣ ಸುರಕ್ಷತಾ ಪ್ರಾಧಿಕಾರ ಕ್ವಾಂಟಂ ಪದಕವೂ ಸೇರಿ ಇಂಥ ಹತ್ತು ವಸ್ತುಗಳನ್ನು ಪರೀಕ್ಷಿಸಿ, ಅವು ವಿಕಿರಣ ಸೂಸುತ್ತಿವೆ, ಧರಿಸಬೇಡಿ ಎಂದು ಎಚ್ಚರಿಸಿತು. ಕೊಳ್ಳುವವರಿಗೆ 'ಕ್ವಾಂಟಂ' ಎಂದರೆ ಏನೋ ಅದ್ಭುತ ಶಕ್ತಿಯೆಂಬ ಭಾವನೆಯನ್ನು ಮಾರಾಟಗಾರರೇ ಹುಟ್ಟಿಸಬೇಕಾಗಿರಲಿಲ್ಲ. ಪುಸ್ತಕಗಳು ಅದನ್ನು ಮೊದಲೇ ಹುಟ್ಟಿಸಿದ್ದವು.

ಎಂಟ್ಯಾಂಗಲ್‌ಮೆಂಟ್ ಬಗ್ಗೆ ಹೆಚ್ಚು ಹೇಳಲಾರೆ, ಒಂದು ಮಾತು ಸಾಕು. ಹೆಣೆದುಕೊಂಡ ಎರಡು ಕಣಗಳ ಅಳತೆಗಳ ನಡುವಿನ ಹೊಂದಾಣಿಕೆ ಸಾಮಾನ್ಯ ವಿವರಣೆಗೆ ದಕ್ಕದಷ್ಟು ಗಾಢವಾಗಿರಬಹುದು ಎಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಅದನ್ನು ಪ್ರಯೋಗದಲ್ಲಿ ಕಂಡ ಅಲೆನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ 2022ರಲ್ಲಿ ನೊಬೆಲ್ ಪಡೆದರು. ಆದರೆ ಈ ಹೊಂದಾಣಿಕೆಯಿಂದ ಒಂದು ಅಕ್ಷರದ ಸಂದೇಶವನ್ನೂ ಬೆಳಕಿಗಿಂತ ವೇಗವಾಗಿ ಕಳಿಸಲಾಗದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಸ್ರೋ ಸಹಯೋಗದೊಡನೆ ನಡೆಯುತ್ತಿರುವ ಸುರಕ್ಷಿತ ಕ್ವಾಂಟಂ ಸಂವಹನದ ಕೆಲಸ ನಿಂತಿರುವುದು ಕದ್ದು ನೋಡಿದರೆ ಗುರುತು ಉಳಿಯುತ್ತದೆ ಎಂಬ ಸಂಗತಿಯ ಮೇಲೆ, ದೂರಸ್ಪಂದನದ ಮೇಲಲ್ಲ. ಇದನ್ನು ತಲೆಕೆಳಗಾಗಿ ಬರೆದ ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಳ್ಳಬಾರದು, ಅದೊಂದು ನಿಯಮವಾಗಬೇಕು.

ಇನ್ನು ಕಂಪ್ಯೂಟಿಂಗ್‌ನ ಪುಸ್ತಕಗಳಿಗೆ ಬೇರೆ ವಿಷಯಗಳಿಗಿಲ್ಲದ ಒಂದು ಕಷ್ಟವಿದೆ: ಅವು ಬೇಗ ಹಳಸುತ್ತವೆ. 2019ರಲ್ಲಿ ಗೂಗಲ್ ತನ್ನ 53 ಕ್ಯೂಬಿಟ್‌ಗಳ ಯಂತ್ರ 200 ಸೆಕೆಂಡುಗಳಲ್ಲಿ ಮುಗಿಸಿದ ಲೆಕ್ಕಕ್ಕೆ ಸೂಪರ್ ಕಂಪ್ಯೂಟರಿಗೆ 10,000 ವರ್ಷ ಬೇಕೆಂದಿತು. ಸರಿಯಾಗಿ ಮಾಡಿದರೆ ಎರಡೂವರೆ ದಿನ ಸಾಕೆಂದು ಐಬಿಎಂ ಕೂಡಲೇ ಉತ್ತರಿಸಿತು, ಮುಂದಿನ ವರ್ಷಗಳಲ್ಲಿ ಅಂತರ ಇನ್ನೂ ಕುಗ್ಗಿತು. ಆ ಲೆಕ್ಕಕ್ಕೆ ನಿತ್ಯಜೀವನದಲ್ಲಿ ಉಪಯೋಗವೂ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್ ಬಂದಾಗಲೂ ಪತ್ರಿಕೆಗಳು ಹಿಡಿದದ್ದು ವರ್ಷಗಳ ದೊಡ್ಡ ಸಂಖ್ಯೆಯನ್ನೇ. ದೋಷ ತಿದ್ದುವ ಜಾಲವನ್ನು ಹಿಗ್ಗಿಸಿದಂತೆ ದೋಷ ಕಡಿಮೆಯಾಯಿತೆಂಬ ನಿಜವಾದ ಸಾಧನೆ ಒಳಪುಟಕ್ಕೆ ಹೋಯಿತು. ಇಂಟರ್‌ನೆಟ್‌ನ ಬೀಗಗಳ, ಅಂದರೆ ಮಾಹಿತಿಯನ್ನು ಗುಟ್ಟಾಗಿಡುವ ಆರ್‌ಎಸ್‌ಎಯಂಥ ಗೂಢಲಿಪಿ ವಿಧಾನಗಳ ವಿಷಯವೂ ಹಾಗೆಯೇ. ಪೀಟರ್ ಶೋರ್ 1994ರಲ್ಲಿ ಕೊಟ್ಟ ಕ್ರಮವಿಧಿಯಿಂದ 2,048 ಬಿಟ್‌ಗಳ ಆರ್‌ಎಸ್‌ಎ ಬೀಗ ಮುರಿಯಲು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರ ಅಂದಾಜು ಹೇಳಿತ್ತು; 2025ರ ಅಂದಾಜು ಅದನ್ನು ಹತ್ತು ಲಕ್ಷದೊಳಗೆ ತಂದಿತು. ಬೆಂಗಳೂರಿನ ಕ್ಯೂಪಿಐಎಐ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯಂತ್ರದಲ್ಲಿರುವುದು 25 ಕ್ಯೂಬಿಟ್. ಈ ಮೂರು ಸಂಖ್ಯೆಗಳನ್ನು ಒಟ್ಟಿಗಿಟ್ಟರೆ ಬ್ಯಾಂಕಿನ ಗ್ರಾಹಕರು ನಾಳೆಯೇ ಗಾಬರಿಯಾಗಬೇಕಿಲ್ಲ, ಆದರೆ ಬ್ಯಾಂಕು ಇಂದೇ ಸಿದ್ಧತೆ ನಡೆಸಬೇಕು ಎಂದು ತಿಳಿಯುತ್ತದೆ. ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಹೊಸ ಬೀಗಗಳ ಮಾನಕಗಳನ್ನು ಹೊರಡಿಸಿರುವುದು ಅದಕ್ಕಾಗಿಯೇ. ಇವುಗಳಲ್ಲಿ ಒಂದನ್ನೇ ಹಿಡಿದು ಬರೆದ ಪುಸ್ತಕ ಹೆದರಿಸುತ್ತದೆ ಅಥವಾ ಮಲಗಿಸುತ್ತದೆ.

ಹಳಸುವ ಪುಸ್ತಕಕ್ಕೆ ಮದ್ದು ಪರಿಷ್ಕೃತ ಮುದ್ರಣ. ಇಲ್ಲಿಗೆ ಬಂದಾಗ ನಮ್ಮ ವ್ಯವಸ್ಥೆಯೇ ಅಡ್ಡ ನಿಲ್ಲುತ್ತದೆ. ಕನ್ನಡದ ಪ್ರಕಾಶಕರು ವಿಜ್ಞಾನ ಪುಸ್ತಕ ಮಾಡುವ ಧೈರ್ಯ ತೋರುವುದು ಬಹುಮಟ್ಟಿಗೆ ಗ್ರಂಥಾಲಯಗಳ ಸಗಟು ಖರೀದಿಯನ್ನು ನಂಬಿ. ಆ ಖರೀದಿ ಆಯಾ ವರ್ಷ ಪ್ರಥಮ ಮುದ್ರಣ ಕಂಡ ಪುಸ್ತಕಗಳನ್ನು ಆಹ್ವಾನಿಸುತ್ತದೆ, ಬೆಲೆಯನ್ನು ಪುಟವಾರು ದರದಲ್ಲಿ ಕಟ್ಟುತ್ತದೆ. ಕಾದಂಬರಿಗೆ ಈ ಪದ್ಧತಿಯಿಂದ ಹಾನಿಯಿಲ್ಲದಿರಬಹುದು. ಕ್ವಾಂಟಂ ಕಂಪ್ಯೂಟಿಂಗ್‌ನ ಪುಸ್ತಕಕ್ಕೆ ಮಾತ್ರ ಇದು ಎರಡು ಕಡೆಯಿಂದ ಪೆಟ್ಟು: ಮೂರು ವರ್ಷದ ಬಳಿಕ ತಿದ್ದಿ ಅಚ್ಚು ಹಾಕಿದವರಿಗೆ ಖರೀದಿಯಿಲ್ಲ, ಹಳೆಯ ತಪ್ಪು ಪ್ರತಿ ಮಾತ್ರ ಕಪಾಟಿನಲ್ಲಿ ಭದ್ರ, ನಾಲ್ಕು ಸಂಖ್ಯೆಗಳಲ್ಲಿ ವಿಷಯ ಮುಗಿಸಿದ ಲೇಖಕರಿಗಿಂತ ನಲವತ್ತು ಪುಟ ಉಪಕಥೆ ಸೇರಿಸಿದವರಿಗೆ ಹೆಚ್ಚು ಹಣ. ಆಯ್ಕೆ ಸಮಿತಿಗಳಲ್ಲಿ ಸಾಹಿತ್ಯ ಬಲ್ಲ ಹಿರಿಯರಿರುತ್ತಾರೆ, ಅವರ ಬಗ್ಗೆ ಗೌರವವಿದೆ. ಆದರೆ ಭಾಷೆ ಸರಾಗವಾಗಿದೆಯೇ ಎಂದು ನೋಡಿದಷ್ಟೇ ಕಾಳಜಿಯಿಂದ ಭೌತವಿಜ್ಞಾನ ಸರಿಯಿದೆಯೇ ಎಂದು ನೋಡುವವರು ಬೇಕು.

ಅಂಥವರು ದೂರದಲ್ಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಇವೆಲ್ಲ ಒಂದೇ ಊರಿನಲ್ಲಿವೆ. ಅಲ್ಲಿನ ಸಂಶೋಧಕರಲ್ಲಿ ಕನ್ನಡ ಬಲ್ಲವರೂ ಇದ್ದಾರೆ, ಬಾರದವರೂ ಇದ್ದಾರೆ. ಕನ್ನಡದಲ್ಲಿ ಬರೆಯಬಲ್ಲ ಲೇಖಕರೊಬ್ಬರು ಮತ್ತು ವಿಷಯದಲ್ಲಿ ಕೆಲಸ ಮಾಡುತ್ತಿರುವ ವಿಜ್ಞಾನಿಯೊಬ್ಬರು ಜೋಡಿಯಾಗಿ ಒಂದೊಂದು ಪುಸ್ತಕ ಕಟ್ಟುವಂತೆ, ಇಬ್ಬರಿಗೂ ಎರಡು ವರ್ಷಗಳ ಮಟ್ಟಿಗೆ ಗೌರವಧನ ದೊರೆಯುವಂತೆ ಮಿಷನ್‌ನ ಹಣದಿಂದ ಏರ್ಪಾಡು ಮಾಡಬಹುದು. ಹಸ್ತಪ್ರತಿಯನ್ನು ಬೇರೊಬ್ಬ ಭೌತವಿಜ್ಞಾನಿ ಓದಿ ತಿದ್ದಬೇಕು. ಆ ಪರಿಶೀಲಕರ ಹೆಸರು ಲೇಖಕರ ಹೆಸರಿನಂತೆಯೇ ಪುಸ್ತಕದಲ್ಲಿ ಅಚ್ಚಾಗಬೇಕು, ಏಕೆಂದರೆ ಹೆಸರು ಅಚ್ಚಾಗುವಲ್ಲಿ ಮಾತ್ರ ಓದು ಗಂಭೀರವಾಗುತ್ತದೆ. ಪುಸ್ತಕದ ಡಿಜಿಟಲ್ ಪ್ರತಿ ಎಲ್ಲರಿಗೂ ಉಚಿತವಾಗಿ ಸಿಗಬೇಕು, ಮುದ್ರಿತ ಪ್ರತಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೂ ಪದವಿಪೂರ್ವ ಕಾಲೇಜುಗಳಿಗೂ ಹೋಗಬೇಕು. ದ್ವಿತೀಯ ಪಿಯುಸಿ ಭೌತಶಾಸ್ತ್ರ ದ್ಯುತಿವಿದ್ಯುತ್ ಪರಿಣಾಮ, ಡಿ ಬ್ರಾಯ್ ಅಲೆ, ಬೋರ್ ಮಾದರಿಗಳವರೆಗೆ, ಅಂದರೆ 1925ಕ್ಕೆ ಮೊದಲಿನ ಕ್ವಾಂಟಂವರೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಿನ ನೂರು ವರ್ಷವನ್ನು ಹೇಳುವ ಪುಸ್ತಕ ಆ ವಿದ್ಯಾರ್ಥಿಯ ಕೈಗೆ ಕನ್ನಡದಲ್ಲಿ ಸಿಗಬೇಕು.

ಇಂಗ್ಲಿಷಿನಲ್ಲಿ ಇರುವಾಗ ಕನ್ನಡದಲ್ಲಿ ಏಕೆ ಎಂದು ಕೇಳುವವರು ಇದ್ದಾರೆ. ಅವರಿಗೆ ನಾನು ಸತ್ಯೇಂದ್ರನಾಥ ಬೋಸರನ್ನು ತೋರಿಸುತ್ತೇನೆ. 1924ರಲ್ಲಿ ಢಾಕಾದಿಂದ ಅವರು ಕಳಿಸಿದ ಪ್ರಬಂಧವನ್ನು ಐನ್‌ಸ್ಟೈನ್ ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಜಗತ್ತಿನ ಕಣಗಳಲ್ಲಿ ಅರ್ಧ ಜಾತಿಗೆ ಇಂದು ಬೋಸರ ಹೆಸರೇ ಇದೆ. ಕ್ವಾಂಟಂ ಸಿದ್ಧಾಂತವನ್ನು ಕಟ್ಟಿದವರಲ್ಲಿ ಒಬ್ಬರಾದ ಅವರು 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ ಬಂಗಾಳಿಯಲ್ಲಿ ವಿಜ್ಞಾನ ಮಾಸಪತ್ರಿಕೆ ನಡೆಸಿದರು. 1963ರಲ್ಲಿ ಅದರ ಒಂದು ಸಂಚಿಕೆಯನ್ನು ಬರಿಯ ಮೂಲ ಸಂಶೋಧನಾ ಪ್ರಬಂಧಗಳಿಂದಲೇ ತುಂಬಿಸಿದರು. ತಮ್ಮ ಭಾಷೆಗೆ ಇದು ಒಗ್ಗುವುದೇ ಎಂಬ ಚರ್ಚೆಯಲ್ಲಿ ಕಾಲ ಕಳೆಯದೆ ಬರೆಸಿ ತೋರಿಸಿದರು.

ನಮಗೂ ಇಂಥ ಹಿರಿಯರಿದ್ದರು. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ವಿಜ್ಞಾನಕ್ಕೇ ಮೀಸಲಾದ ಕನ್ನಡ ಮಾಸಪತ್ರಿಕೆ ಆರಂಭಿಸಿದ್ದರು. ಹತ್ತು ವರ್ಷದ ಮೇಲೆ, 1928ರ ಮಾರ್ಚ್ 16ರಂದು, ಸಿ.ವಿ. ರಾಮನ್ ತಾವು ಕಂಡ ಹೊಸ ವಿಕಿರಣದ ವಿವರಗಳನ್ನು ವಿಜ್ಞಾನಿಗಳ ಸಭೆಯ ಮುಂದಿಟ್ಟದ್ದೂ ಇದೇ ಬೆಂಗಳೂರಿನಲ್ಲಿ. ಆ ಬಳಿಕ ಆರ್.ಎಲ್. ನರಸಿಂಹಯ್ಯ, ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಬಂದರು. ಅವರೆಲ್ಲ ತರಗತಿಯಲ್ಲಿ ಪಾಠ ಹೇಳಿದವರು. ಓದುಗ ಎಲ್ಲಿ ತಡವರಿಸುತ್ತಾನೆಂದು ಅವರಿಗೆ ಗೊತ್ತಿತ್ತು, ಲೆಕ್ಕ ಬಂದಾಗ ಲೆಕ್ಕವನ್ನೇ ಮಾಡಿ ತೋರಿಸುತ್ತಿದ್ದರು. ಪರಮಾಣುವನ್ನೂ ನಕ್ಷತ್ರವನ್ನೂ ಕನ್ನಡಕ್ಕೆ ಅಷ್ಟು ಚೊಕ್ಕವಾಗಿ ತಂದ ಪರಂಪರೆಯಿರುವ ಭಾಷೆಯಲ್ಲಿ ಕ್ಯೂಬಿಟ್ ಮಾತ್ರ ತಿರುಗುವ ನಾಣ್ಯವಾಗಿ ಉಳಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಈಚೆಗೆ ಇನ್ನೊಂದು ವಾದವೂ ಕೇಳಿಬರುತ್ತಿದೆ: ಯಂತ್ರಾನುವಾದ ಇರುವಾಗ ಇಂಗ್ಲಿಷ್ ಪುಸ್ತಕಗಳನ್ನೇ ಕನ್ನಡಕ್ಕೆ ಇಳಿಸಿಕೊಂಡರಾಯಿತು ಎಂಬುದು. ಅದರಿಂದ ಪುಸ್ತಕಗಳ ಸಂಖ್ಯೆ ಖಂಡಿತ ಹೆಚ್ಚುತ್ತದೆ. ಆದರೆ ಮೇಲೆ ಹೇಳಿದ ತಪ್ಪುಗಳು ಮೂಲದಲ್ಲೇ ಇರುವುದರಿಂದ ಅವೂ ನಿಷ್ಠೆಯಿಂದ ಅನುವಾದವಾಗುತ್ತವೆ. ಪರಿಶೀಲನೆಯ ಕೆಲಸವಂತೂ ಹಾಗೆಯೇ ಉಳಿಯುತ್ತದೆ.

ನಾನು ಕೇಳಿದವುಗಳಲ್ಲಿ ಕೆಲವಕ್ಕೆ ಹಣ ಬೇಕು, ಅವಕ್ಕೆ ಬಜೆಟ್ಟಿನವರೆಗೆ ಕಾಯಬಹುದು. ಎರಡಕ್ಕೆ ಹಣ ಬೇಡ. ವಿಜ್ಞಾನ ಪುಸ್ತಕಗಳ ಮಟ್ಟಿಗೆ ಪರಿಷ್ಕೃತ ಮುದ್ರಣವನ್ನೂ ಸಗಟು ಖರೀದಿಗೆ ಅರ್ಹವೆಂದು ಪರಿಗಣಿಸುವುದು, ಮತ್ತು ವಿಷಯತಜ್ಞರೊಬ್ಬರ ಸಹಿಯುಳ್ಳ ಪರಿಶೀಲನಾ ಪತ್ರವಿಲ್ಲದೆ ಕ್ವಾಂಟಂ ವಿಷಯದ ಪುಸ್ತಕವನ್ನು ಖರೀದಿಪಟ್ಟಿಗೆ ಸೇರಿಸದಿರುವುದು. ಇವೆರಡನ್ನೂ ಮುಂದಿನ ಸಾಲಿನ ಅರ್ಜಿ ಆಹ್ವಾನಕ್ಕೆ ಮೊದಲೇ ಇಲಾಖೆಯ ಆದೇಶದಿಂದ ಜಾರಿಗೆ ತರಬಹುದು. ಇದರಲ್ಲಿ ಆಡಳಿತಾತ್ಮಕ ತೊಡಕೇನಾದರೂ ಇದ್ದರೆ ಅದು ಯಾವುದೆಂದು ಕಾರಣಸಹಿತ ಪ್ರಕಟಿಸಬೇಕೆಂದು, ಪ್ರಕಾಶಕರೂ ಲೇಖಕರೂ ಅದಕ್ಕೆ ಉತ್ತರಿಸಲು ಅವಕಾಶವಿರಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ಒಬ್ಬ ನಿವೃತ್ತ ಉಪನ್ಯಾಸಕ